ಚಾವಣಿ ದಾಟಿದ ಮಾತು

ಕೆಳಗಿನ ಮನೆಯ ಎಲೆಕ್ಟ್ರಿಷಿಯನ್ ಅವರಿಗೆ,

ನಿಮ್ಮ ತಾಯಿ ತೀರಿಕೊಂಡರೂ ನಾನು ಇಳಿದು ಬರಲಿಲ್ಲ. ಮಂಡಿ ನೋವು ಬರೀ ನೆಪ, ನಿಜವಾದ ಕಾರಣ ನಾಚಿಕೆ.

ಅವರ ಕಿವಿಯ ಮೆಷಿನ್ನಿಗೆ ನಿಮ್ಮ ಮಾತು ನೇರವಾಗಿ ತಲುಪಲೆಂದು ಕೋಣೆಯ ಸುತ್ತ ತಂತಿ ಎಳೆದು ಮೈಕ್ ಇಟ್ಟಿದ್ದಿರಲ್ಲ, ಆ ತಂತಿಯ ಮಾತಿಗೆ ಚಾವಣಿ ಅಡ್ಡಿಯೇ ಅಲ್ಲ, ಮೇಲಿನ ನನ್ನ ಮನೆಗೂ ಬರುತ್ತಿತ್ತು. ನನ್ನದೂ ಅಂಥದೇ ಮೆಷಿನ್. ಅದರ ಗುಂಡಿಯನ್ನು ಇಂಥ ತಂತಿಯ ಮಾತು ಹಿಡಿಯುವ 'ಟಿ'ಗೆ ತಿರುಗಿಸಿದರೆ ನೀವು ನನ್ನ ಕಿವಿಯಲ್ಲೇ ಮಾತಾಡುತ್ತಿದ್ದಿರಿ. ಮೊದಲ ದಿನವೇ ಹೇಳಬೇಕಿತ್ತು. ಹೇಳದೆ ಎರಡು ವರ್ಷ ಕದ್ದು ಕೇಳಿದೆ.

ಕೆಲಸದಿಂದ ಬಂದವರೇ, "ಅಮ್ಮಾ, ಊಟ ಮಾಡಿದ್ಯಾ? ಸುಳ್ಳು ಹೇಳ್ಬೇಡ" ಅನ್ನುತ್ತಿದ್ದಿರಿ. ಬೆಳಗಿನ ಬ್ರೆಡ್ಡಿನಲ್ಲೇ ದಿನ ದೂಡುತ್ತಿದ್ದ ನಾನು ಆ ಪ್ರಶ್ನೆಗೆ ಹೆದರಿ ಮಧ್ಯಾಹ್ನ ಒಲೆ ಹಚ್ಚತೊಡಗಿದೆ. "ಆಯ್ತಪ್ಪಾ" ಎಂದು ಗಟ್ಟಿಯಾಗಿ ಉತ್ತರವನ್ನೂ ಕೊಡುತ್ತಿದ್ದೆ. ಈಗ ಗುಂಡಿ ತಿರುಗಿಸಿದರೆ ಗುಂಯ್ ಎಂಬ ಸದ್ದು ಮಾತ್ರ.

ಭಾನುವಾರ ನೀವು ತಂತಿ ಕೀಳುತ್ತೀರೆಂದು ಮನೆ ಮಾಲೀಕರು ಹೇಳಿದರು. ಕೀಳಿ, ಅದು ನಿಮ್ಮದು. ಕೀಳುವ ಮುಂಚೆ ಮಾತ್ರ ಇದೇ ಕೊನೆ ಎಂದು ಮೈಕಿನಲ್ಲಿ ಒಂದು ಮಾತು ಹೇಳಿಬಿಡಿ. ಇಲ್ಲದಿದ್ದರೆ ನಾನು ದಿನಾ ಸಂಜೆ ಕಾಯುತ್ತಲೇ ಇರುತ್ತೇನೆ.

ಇವತ್ತು ಊಟ ಮಾಡಿಲ್ಲ. ಸುಳ್ಳು ಹೇಳುತ್ತಿಲ್ಲ.

ನಿಮ್ಮ ಚಾವಣಿಯ ಮೇಲಿರುವ
ಟೈಲರಮ್ಮ