ಮಸಿಹುಳಗಳ ಕುಣಿತ

ಮಂಗಳವಾರ, ಅಕ್ಟೋಬರ್ 14

ಸುಳ್ಳು ಹೇಳಿ ಸಿಕ್ಕಿಬಿದ್ದ ಪಾಪಿ ನಾನು. ಆದರೂ ನಗು ನಿಲ್ಲುತ್ತಿಲ್ಲ.

ನಾಳೆ ಶಾಲೆಯಲ್ಲಿ ಶಾಸ್ತ್ರಮೇಳ, ಅಂದರೆ ವಿಜ್ಞಾನದ ಪ್ರಯೋಗಗಳ ಪ್ರದರ್ಶನ. ಇನ್ನೊಂದು ಕಿತಾಪತಿ ಮಾಡಿದರೆ ನನ್ನನ್ನು ಅದರಿಂದ ಹೊರಗಿಡುವುದಾಗಿ ಚಿತ್ರಾ ಟೀಚರ್ ಹೇಳಿದ್ದರು. ಆದರೂ ಕೈ ಕೇಳಬೇಕಲ್ಲ! ದೀಪದ ಮಸಿಯನ್ನು ನೀರಿನಲ್ಲಿ ಕದಡಿ, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ನನ್ನ ಜೊತೆ ಪ್ರಯೋಗಕ್ಕಿದ್ದ ಹಿಬಾಳಿಗೆ ಪರಮ ಗಂಭೀರವಾಗಿ ಹೇಳಿದೆ: "ಇವು ಮಸಿಹುಳಗಳು. ಜೋರು ಮಾತಾಡಬೇಡ, ಹೆದರ್ತವೆ."

ಕಪ್ಪು ಚುಕ್ಕೆಗಳು ಒಂದು ಕ್ಷಣವೂ ಸುಮ್ಮನಿರದೆ ಅತ್ತಿತ್ತ ಕುಣಿಯುತ್ತಿದ್ದವು. ಹಿಬಾ ತುಂಬ ಹೊತ್ತು ನೋಡಿದಳು. ಆಮೇಲೆ ಉಳಿದ ಮಸಿನೀರನ್ನು ಕುದಿಸಿ, ಬಿಸಿಬಿಸಿಯಾಗಿಯೇ ತಂದಿಟ್ಟಳು. ಚುಕ್ಕೆಗಳ ಕುಣಿತ ಇನ್ನೂ ಜೋರಾಯಿತು!

"ಎಂತ ಮಾರಾಯ, ಬೇಯಿಸಿದ ಮೇಲೂ ನಿನ್ನ ಹುಳಗಳಿಗೆ ಡ್ಯಾನ್ಸ್ ಉಂಟಲ್ಲ! ಯಾವ ಊರಿನವು?" ಹಿಬಾ ಕೇಳಿದಳು.

ತಿರುಗಿದರೆ ಹಿಂದೆ ಚಿತ್ರಾ ಟೀಚರ್. ನಿಜ ಹೇಳಲೇಬೇಕಾಯಿತು: ಹುಳವೂ ಇಲ್ಲ, ಜೀವವೂ ಇಲ್ಲ. ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಮಸಿಯನ್ನು ಗುದ್ದುತ್ತವೆ. ಬಿಸಿಯಾದಷ್ಟೂ ಗುದ್ದು ಜಾಸ್ತಿ.

ಟೀಚರ್ ನಗಲಿಲ್ಲ. "ನಾಳೆ ಬಂದವರಿಗೂ ಮೊದಲು ಇದೇ ಸುಳ್ಳು ಹೇಳು. ಮತ್ತೆ ಹಿಬಾ ಕುದಿಸ್ಲಿ."

ಅನುಮತಿ ಪಡೆದ ಸುಳ್ಳು! ನಿದ್ದೆ ಎಲ್ಲಿಂದ ಬರಬೇಕು? ಮೇಜಿನ ಮೇಲೆ ಲೋಟದ ನೀರು ಎಷ್ಟು ಸಭ್ಯವಾಗಿ ಕೂತಿದೆ. ಟೀಚರ ಎದುರು ನಾನು ಕೂತ ಹಾಗೆಯೇ. ಒಳಗೆ ಮಾತ್ರ...