ಹದಿನೇಳನೆಯ ಪ್ರಶ್ನೆಯ ತೂಕ

ಮೇ 19, ಸೋಮವಾರ

ಗ್ಯಾಸ್ ಇನ್ನೂ ಬುಕ್ ಆಗಿಲ್ಲ. ಪ್ರಸನ್ನ ಮಾಡುತ್ತೇನೆ ಅಂದು ಎಂಟು ದಿನ. ಗಂಡ ಅನ್ನುವ ಪ್ರಾಣಿಗೆ ಫೋನಿನಲ್ಲಿ ಎರಡು ಬಟನ್ ಒತ್ತುವುದಕ್ಕೂ ಮುಹೂರ್ತ ಬೇಕು. ಬೇಸಿಗೆ ರಜೆ ಮುಗಿಯಲು ಹತ್ತೇ ದಿನ. ಲ್ಯಾಬ್ ಬೀರುವಿನ ಕೀ ಎಲ್ಲಿಟ್ಟೆನೋ ದೇವರೇ ಬಲ್ಲ.

ಹನ್ನೊಂದಕ್ಕೆ ಸಿಂಚನ ಬಂದಳು. ನನ್ನ ಹತ್ತನೇ ಕ್ಲಾಸಿನ ಹುಡುಗಿ. ಮಂಡಿ ಮೊಹಲ್ಲಾದಿಂದ ಸಿದ್ಧಾರ್ಥನಗರಕ್ಕೆ ಎರಡು ಬಸ್ಸು ಬದಲಾಯಿಸಿ ಬಂದಿದ್ದಳು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಒಳಗೆ ಟ್ರಸ್ಟಿನವರ ವಿಜ್ಞಾನ ಪರೀಕ್ಷೆಯ ರಿಸಲ್ಟ್, ಅವಳ ಉತ್ತರ ಪತ್ರಿಕೆಯ ಪ್ರತಿ. ಪಾಸಾದ ನಲವತ್ತು ಮಕ್ಕಳಿಗೆ ಅವರ ಕಾಲೇಜಿನಲ್ಲೇ ಪಿಯುಸಿ ಸೈನ್ಸು, ಹಾಸ್ಟೆಲು, ಎಲ್ಲ ಉಚಿತ. ಇವಳು ನಲವತ್ತೊಂದನೆಯವಳು. ಒಂದೇ ಒಂದು ಮಾರ್ಕು!

ಅಳಲಿಲ್ಲ. "ಮೇಡಂ, ಹದಿನೇಳನೇದು ನಾನು ತಪ್ಪು ಮಾಡಿಲ್ಲ ಅನ್ಸುತ್ತೆ. ನೀವೊಂದ್ಸಲ ನೋಡ್ತೀರಾ?" ಅಂದಳು.

ನೋಡಿದೆ. 'ಭೂಮಿಯ ಮೇಲೆ 12 ಕೆಜಿ ಇರುವ ವಸ್ತುವಿನ ತೂಕ ಚಂದ್ರನ ಮೇಲೆ ಎಷ್ಟು?' ಇವಳ ಉತ್ತರ: 19.6 ನ್ಯೂಟನ್. ಲೆಕ್ಕವನ್ನೂ ಅಚ್ಚುಕಟ್ಟಾಗಿ ಮಾಡಿದ್ದಾಳೆ. ಕೊಟ್ಟದ್ದು ಎರಡಕ್ಕೆ ಸೊನ್ನೆ. ಕೀ ಉತ್ತರ: 12 ಕೆಜಿ.

ಮೈ ಉರಿದುಹೋಯಿತು. ಹನ್ನೆರಡು ಕೆಜಿ ದ್ರವ್ಯರಾಶಿ ಕಣ್ರಪ್ಪಾ! ವಸ್ತುವಿನಲ್ಲಿರುವ ದ್ರವ್ಯ. ಅದು ಚಂದ್ರನಿಗೆ ಹೋದರೂ ಅಷ್ಟೇ, ಚಾಮರಾಜನಗರಕ್ಕೆ ಹೋದರೂ ಅಷ್ಟೇ. ತೂಕ ಅಂದರೆ ನೆಲ ಅದನ್ನು ಎಳೆಯುವ ಬಲ. ಚಂದ್ರನ ಮೇಲೆ ಆರರಲ್ಲಿ ಒಂದು ಪಾಲು. ಕೇಳಿದ್ದು ತೂಕ, ಹುಡುಗಿ ಹೇಳಿದ್ದೂ ತೂಕ. ವ್ಯತ್ಯಾಸ ತಿಳಿದವಳಿಗೆ ಸೊನ್ನೆ, ತಿಳಿಯದೆ 'ಹನ್ನೆರಡು ಕೆಜಿ' ಅಂತ ಗೀಚಿದವರಿಗೆಲ್ಲ ಎರಡೆರಡು ಮಾರ್ಕು.

ಅವಳಿಗೆ ಹೇಳದ ಮಾತೊಂದಿದೆ. ಆ ಪತ್ರಿಕೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಕೊಟ್ಟವಳು ನಾನು. ಗೌಪ್ಯ ಅಂದಿದ್ದರು, ಹಾಗಾಗಿ ಪ್ರಸನ್ನನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಅವಳು ಹೋದಮೇಲೆ ನನ್ನ ಫೈಲು ತೆಗೆದೆ. ಇಂಗ್ಲಿಷಿನಲ್ಲಿ ಮಾಸ್. ನನ್ನ ಕೈಬರಹದಲ್ಲಿ ದ್ರವ್ಯರಾಶಿ. ಸ್ಪಷ್ಟವಾಗಿ! ನಾನು ಕೊಟ್ಟದ್ದನ್ನು ಯಾವನೋ ತಿದ್ದಿದ್ದಾನೆ.

ಮೇ 20, ಮಂಗಳವಾರ

ಟ್ರಸ್ಟಿನ ಸೆಕ್ರೆಟರಿ ಸದಾಶಿವಯ್ಯನವರಿಗೆ ಫೋನ್ ಮಾಡಿದೆ.

"ಅಯ್ಯೋ, ಜನ ತೂಕ ಅಂತಾನೇ ಅಲ್ವೇನಮ್ಮ ಅನ್ನೋದು? ಅಂಗಡೀಲಿ ಯಾರಾದ್ರೂ ಒಂದು ಕೆಜಿ ದ್ರವ್ಯರಾಶಿ ಬೇಳೆ ಕೊಡಿ ಅಂತಾರಾ?"

ನಗು ಬೇರೆ. ಇದು ಅಂಗಡಿಯಲ್ಲ ಸಾರ್, ಪರೀಕ್ಷೆ ಅಂದೆ. ಬರವಣಿಗೆಯಲ್ಲಿ ಕೊಡಿ, ಕಮಿಟಿ ಮುಂದಿಡೋಣ ಅಂದರು. ತಪ್ಪು ಟ್ರಸ್ಟಿನ ಕಡೆಯದು ಎಂದು ತೀರ್ಮಾನವಾದರೆ ಒಂದು ಸೀಟು ಹೆಚ್ಚು ಕೊಡಲು ನಿಯಮವಿದೆಯಂತೆ. ಕಮಿಟಿ ಸೇರುವುದು 28ಕ್ಕೆ.

ಬರೆದೆ. ಎರಡು ಪುಟ. ಕೊನೆಯ ಪ್ಯಾರಾ ಇಲ್ಲೂ ಇಳಿಸಿಕೊಳ್ಳುತ್ತೇನೆ, ಚೆನ್ನಾಗಿ ಬಂದಿದೆ: 'ಮಕ್ಕಳ ಭವಿಷ್ಯದ ಜೊತೆ ಇಷ್ಟು ಹಗುರವಾಗಿ ನಡೆದುಕೊಂಡವರು ಯಾರೆಂದು ಪತ್ತೆ ಹಚ್ಚಿ, ಅವರ ಹೆಸರನ್ನು ನೋಟಿಸ್ ಬೋರ್ಡಿನಲ್ಲಿ ಪ್ರಕಟಿಸಬೇಕು. ಅವರನ್ನು ಇನ್ನು ಮುಂದೆ ಇಂಥ ಯಾವ ಕೆಲಸಕ್ಕೂ ಕರೆಯಕೂಡದು.'

ಪ್ರಸನ್ನ ಓದಿ, "ನೋಟಿಸ್ ಬೋರ್ಡು ಬೇಕಿತ್ತಾ?" ಅಂದರು. ಬೇಕು. ಖಂಡಿತಾ ಬೇಕು.

ಮೇ 21, ಬುಧವಾರ

ಮಂಡಿ ಮೊಹಲ್ಲಾಕ್ಕೆ ಹೋಗಿದ್ದೆ. ಸಿಂಚನಳ ಅಪ್ಪ ಸಿದ್ದಪ್ಪಾಜಿ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ತೂಕದವರು. ಇಪ್ಪತ್ತೆರಡು ವರ್ಷದಿಂದ ಮೆಣಸಿನಕಾಯಿ ಮೂಟೆ ತೂಗುತ್ತಿದ್ದಾರೆ. ಘಾಟಿಗೆ ನಾನು ಸೀನಿದ್ದೇ ಸೀನಿದ್ದು. ಅವರಿಗೇನೂ ಆಗುವುದಿಲ್ಲ.

"ನೋಡಿ ಮೇಡಂ, ಈ ಮಗ ಮನೇಲಿ ನಂಗೇ ಪಾಠ ಮಾಡ್ತಾಳೆ. ಅಪ್ಪಾ, ನೀನು ತೂಕ ಹಾಕ್ತಿಲ್ಲ, ಅದು ಇನ್ನೊಂದು... ಏನೋ ಅಂತಾಳೆ. ನಾನು ಅಂಗೇ ಇರ್ಲಿ ಬುಡವ್ವ ಅಂತೀನಿ. ಈಗ ನೋಡಿದ್ರೆ, ನನ್ನ ಕೇಳಿ ಹನ್ನೆರಡು ಕೇಜಿ ಅಂತ ಬರ್ದಿದ್ರೆ ಸೀಟು ಸಿಕ್ಬುಡ್ತಿತ್ತು!"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಸಿಂಚನ ಮೂಟೆಗಳ ಹಿಂದೆ ನಿಂತಿದ್ದಳು. ತಲೆ ಎತ್ತಲಿಲ್ಲ.

ಹೊರಡುವಾಗ ಸಿದ್ದಪ್ಪಾಜಿ ಕಡ್ಡಿ ಮುರಿದ ಹಾಗೆ ಹೇಳಿದರು. ಆ ಸೀಟು ಸಿಕ್ಕರೆ ಸೈನ್ಸು. ಇಲ್ಲದಿದ್ದರೆ ಅವಳ ಸೋದರತ್ತೆ ಹೇಳಿದ ಟೈಲರಿಂಗ್ ಕೋರ್ಸು. ಜೂನ್ ಎರಡಕ್ಕೆ ಸೇರಿಸುತ್ತಾರೆ. ಮಾತಾಡಿ ಆಗಿದೆಯಂತೆ. ಇದನ್ನು ಕೋಪದಿಂದ ಹೇಳಲಿಲ್ಲ, ಅದೇ ನನಗೆ ಹೆಚ್ಚು ಚುಚ್ಚಿದ್ದು.

ನಾಳೆ ಅಗ್ರಹಾರದ ಡಿಟಿಪಿ ಅಂಗಡಿ. ಪತ್ರಿಕೆ ಟೈಪ್ ಮಾಡಿದವನು ಸುನಿಲ್. ಪದ ತಿದ್ದಿದವನು ಅವನೇ, ಇನ್ಯಾರು? ನಾಳೆ ಇದೆ ಅವನಿಗೆ.

ಮೇ 22, ಗುರುವಾರ. ಸಂಜೆ 5

ಹೋಗಿದ್ದೆ.

ಮೇ 26, ಸೋಮವಾರ

ಮೂರು ದಿನ ಇದನ್ನು ತೆರೆಯಲಿಲ್ಲ. ತೆರೆದರೆ ಬರೆಯಬೇಕಾಗುತ್ತದೆ.

ಬರೆಯುತ್ತೇನೆ. ಗುರುವಾರ ಸುನಿಲ್ ಅಂಗಡಿಯ ಬಾಗಿಲಲ್ಲೇ ಶುರು ಮಾಡಿದೆ. ಬಾಯಿಗೆ ಬಂದ ಹಾಗೆ. ಜೆರಾಕ್ಸಿಗೆ ಬಂದಿದ್ದ ನಾಲ್ಕು ಜನ ತಿರುಗಿ ನೋಡಿದರು. ನಿನಗೆ ಭೌತಶಾಸ್ತ್ರ ಗೊತ್ತಾ ಅಂದೆ, ಒಂದು ಮಗುವಿನ ಜೀವನ ಹಾಳು ಮಾಡಿದೆಯಲ್ಲೋ ಅಂದೆ. ಅವನು ಪಾಪ ಎದ್ದು ನಿಂತು, ಫ್ಯಾನ್ ನನ್ನ ಕಡೆ ತಿರುಗಿಸಿದ.

"ಕೂತ್ಕೊಳಿ ಮೇಡಂ. ನಾನು ನಿಮ್ಮನ್ನ ಕೇಳ್ದೇ ಏನೂ ಮಾಡಲ್ಲ ಕಣ್ರೀ. ವಾಟ್ಸಪ್ ನೋಡಿ."

ತೋರಿಸಿದ. ಫೆಬ್ರವರಿ 11, ಬೆಳಿಗ್ಗೆ 7:42. 'ಮೇಡಂ, ಹದಿನೇಳನೇ ಪ್ರಶ್ನೆ ಒಂದು ಪದ ಮುಂದಿನ ಪುಟಕ್ಕೆ ಹೋಗ್ತಿದೆ. ದ್ರವ್ಯರಾಶಿ ಉದ್ದ ಆಯ್ತು. ತೂಕ ಅಂತ ಹಾಕ್ಬುಡ್ಲಾ?'

7:43. 'ಹಾಕಿ.'

ನನ್ನದೇ. ನನ್ನ ಹೆಸರು, ನನ್ನ ಫೋಟೋ, ಹಳದಿ ಸೀರೆಯದು.

ಆ ಹೊತ್ತಿಗೆ ಏನು ಮಾಡುತ್ತಿದ್ದೆ? ಒಲೆಯ ಮೇಲೆ ಹಾಲು ಇದ್ದಿರಬೇಕು. ಇಲ್ಲ ಬಸ್ಸಿಗೆ ಹೊತ್ತಾಗಿತ್ತೋ ಏನೋ. ನೆನಪಿಲ್ಲ, ಅದೇ ಅಸಹ್ಯ. ಹತ್ತೊಂಬತ್ತು ವರ್ಷದಿಂದ ಬೋರ್ಡಿನ ಮೇಲೆ ಅವೆರಡೂ ಬೇರೆ ಬೇರೆ ಎಂದು ಬರೆಸಿದವಳು, ಒಂದು ಸಾಲು ಪುಟದಲ್ಲಿ ಕೂರಲಿ ಎಂದು ಎರಡನ್ನೂ ಒಂದು ಮಾಡಿದೆ. ಪೂರ್ತಿ ಒಂದು ನಿಮಿಷವೂ ಯೋಚಿಸಲಿಲ್ಲ.

ಸುನಿಲ್ ಯಾರಿಗೂ ಹೇಳುವುದಿಲ್ಲ ಅಂದ. ಕಾಫಿ ತರಿಸಿದ. ಕುಡಿಯಲಾಗಲಿಲ್ಲ. ಸಾರಿ ಅಂದೆನೋ ಇಲ್ಲವೋ, ಅದೂ ನೆನಪಿಲ್ಲ. ಬೈದದ್ದು ಮಾತ್ರ ಪ್ರತಿ ಶಬ್ದವೂ ನೆನಪಿದೆ.

ಮೇ 27, ಮಂಗಳವಾರ. ಬೆಳಿಗ್ಗೆ 10

ಸದಾಶಿವಯ್ಯನವರಿಗೆ ಹೇಳಿಬಿಟ್ಟೆ. ಫೋನಿನ ಆ ಕಡೆಯಿಂದ ಅಂದರು:

"ಬುಡಿಯಮ್ಮ. ನಿಮ್ಮ ಹೆಸರು ಯಾಕೆ? ಮುದ್ರಣದೋಷ ಅಂತ ಬರ್ಸೋಣ. ಹುಡುಗೀಗೂ ಸೀಟು ಸಿಗುತ್ತೆ, ನಿಮ್ಮ ಮರ್ಯಾದೇನೂ ಉಳಿಯುತ್ತೆ. ಆ ಡಿಟಿಪಿಯೋನ್ನ ಬದ್ಲಾಯಿಸಿದ್ರಾಯ್ತು."

ಎಷ್ಟು ಸಲೀಸು! ಸುನಿಲ್ ಒಬ್ಬ ಮನುಷ್ಯನೇ ಅಲ್ಲ ಎಂಬಂತೆ. ಬೇಡ ಸಾರ್, ಅಂದೆ. ಅಂದದ್ದು ತಕ್ಷಣ ಅಲ್ಲ. ಸುಳ್ಳು ಯಾಕೆ ಬರೆಯಲಿ, ಇಲ್ಲಿ ಓದುವವರು ಯಾರಿದ್ದಾರೆ? ಸುಮಾರು ಹೊತ್ತು ಫೋನ್ ಹಿಡಿದು ನಿಂತಿದ್ದೆ. 'ಮುದ್ರಣದೋಷ' ಅನ್ನುವ ಪದ ಬಾಯಲ್ಲಿ ಎಷ್ಟು ಹಿತವಾಗಿತ್ತು ಅಂದರೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಈ ವಾರವಿಡೀ ಬಂದ ಸಿಟ್ಟಿನಲ್ಲಿ ಸರಿಯಾದ ವಿಳಾಸಕ್ಕೆ ಹೋದದ್ದು ಇದೊಂದೇ.

ಹೊಸ ಪತ್ರ ಬರೆದೆ. ನಾಲ್ಕು ಸಾಲು, ಆ ಪದಕ್ಕೆ ಒಪ್ಪಿದವಳು ನಾನೇ ಎಂದು. ಹಳೆಯದನ್ನು ವಾಪಸು ಕೊಡಿ ಎಂದು ಕೇಳಲಿಲ್ಲ.

ಪ್ರಸನ್ನ ಓದಿದರು. ಏನೂ ತಮಾಷೆ ಮಾಡಲಿಲ್ಲ. ಹೋಗಿ ಗ್ಯಾಸ್ ಬುಕ್ ಮಾಡಿದರು.

ಮೇ 28, ಬುಧವಾರ. ಬೆಳಿಗ್ಗೆ 11:20

ಟ್ರಸ್ಟಿನ ವರಾಂಡ. ಬೆಂಚು. ಡೈರಿ ಬ್ಯಾಗಿನಲ್ಲಿತ್ತು, ಕೈಗೊಂದು ಕೆಲಸ ಇರಲಿ ಎಂದು ಬರೆಯುತ್ತಿದ್ದೇನೆ. ಒಳಗೆ ಕಮಿಟಿಯ ಐದು ಜನ. ಗುಮಾಸ್ತೆ ಸಿದ್ದಮಲ್ಲಪ್ಪ ಈಗಷ್ಟೇ ನನ್ನ ಎರಡೂ ಪತ್ರ ಒಟ್ಟಿಗೆ ಪಿನ್ ಮಾಡಿ ಒಳಗೆ ಕೊಂಡುಹೋದ. ನೋಟಿಸ್ ಬೋರ್ಡು ಎದುರಿಗೇ ಇದೆ. ಖಾಲಿ.

ಸಿಂಚನ ಪಕ್ಕದಲ್ಲಿ ಕೂತಿದ್ದಾಳೆ, ಯೂನಿಫಾರ್ಮಿನಲ್ಲೇ ಬಂದಿದ್ದಾಳೆ. ಅಪ್ಪ ಮಧ್ಯಾಹ್ನದವರೆಗೆ ಮಾತ್ರ ಬಿಟ್ಟಿದ್ದಾರಂತೆ.

"ಮೇಡಂ, ನೀವು ನನ್ಗೋಸ್ಕರ ಇಷ್ಟು ಜಗಳ ಆಡಿದ್ರಲ್ಲ..." ಅಂದಳು. ನಾನು ನೀರಿನ ಬಾಟಲಿಯ ಮುಚ್ಚಳ ಬಿಗಿ ಮಾಡಿದೆ. ಬಿಗಿಯಾಗಿಯೇ ಇತ್ತು.

ಅವಳೇ ಮತ್ತೆ: "ಅದನ್ನ ಬದ್ಲಾಯಿಸಿದೋರು ಯಾರು ಅಂತ ಗೊತ್ತಾಯ್ತಾ ಮೇಡಂ?"

ಗೊತ್ತಾಯಿತು ಅಂದೆ.

"ಪಾಪ, ಅವ್ರಿಗೆ ವ್ಯತ್ಯಾಸ ಗೊತ್ತಿರ್ಲಿಲ್ವೇನೋ. ಅವ್ರಿಗೂ ಯಾರಾದ್ರೂ ನಿಮ್ಮಂಗೆ ಪಾಠ ಮಾಡಿದ್ರೆ..."

ಸಿದ್ದಮಲ್ಲಪ್ಪ ಬಾಗಿಲಲ್ಲಿ ನಿಂತು ಕೈ ಮಾಡುತ್ತಿದ್ದಾನೆ. ಎರಡು ನಿಮಿಷ ಅಂದೆ. ಒಳಗಿರುವ ಐದು ಜನಕ್ಕೆ ಹೇಳುವುದು ಸುಲಭ. ಅದಕ್ಕೆ ಮುಂಚೆ ಇವಳಿಗೆ ಹೇಳಬೇಕು. ಡೈರಿ ಮುಚ್ಚುತ್ತಿದ್ದೇನೆ.