ಹೊರಗೆ ಕೂತ ಬೆಂಬಲ

ಹೊಳೆಗಡ್ಡಿ
ಫೆಬ್ರುವರಿ 31, 2231

ಮಾನ್ಯ ಶಾಸಕಿ ಫಕ್ಕೀರವ್ವ ಅಂಗಡಿ ಅವರಿಗೆ,

ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎಂದುಕೊಂಡು ಈ ಪತ್ರವನ್ನು ಮಡಚಿ ಎಸೆಯಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತೊಂದು ದಿನಗಳಿವೆ. ಆ ತಿಂಗಳಿಗೆ ಅನ್ಯಾಯವಾಗಿದೆ ಎಂದು ಯಾವುದೋ ಒಂದು ಸಮ್ಮಿಶ್ರ ಸರ್ಕಾರಕ್ಕೆ ಅನ್ನಿಸಿ, ಅದರ ಮೂರು ಪಕ್ಷಗಳು ಬೇರೆ ತಿಂಗಳುಗಳಿಂದ ತಲಾ ಒಂದು ದಿನ ತಂದು ಕೊಟ್ಟವಂತೆ. ನನ್ನ ಕನ್ನಡವೂ ನಿಮಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಹಳೆಯ ಚುನಾವಣಾ ಭಾಷಣಗಳನ್ನು ಕೇಳಿ ಕಲಿತವಳು. ಎಲ್ಲಾದರೂ ಮರೆತು ಆಶ್ವಾಸನೆ ಕೊಟ್ಟುಬಿಟ್ಟರೆ ನಕ್ಕು ಮುಂದೆ ಓದಿ.

ನಾನು ರಾಚವ್ವ ಕಂಬಳಿ, ನಿಮ್ಮ ಹೊಳೆಗಡ್ಡಿ ಕ್ಷೇತ್ರದವಳೇ. ಹೊರಸಭೆಯಲ್ಲಿ ಮುಂಗುರ್ಚಿಯಾಗಿದ್ದೇನೆ. ಈ ಎರಡು ಮಾತುಗಳೂ ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ವಿಧಾನಸಭೆಯ ಬಾಗಿಲ ಹೊರಗೆ, ಬಯಲಿನಲ್ಲಿ, ಸಾಮಾನ್ಯ ಜನ ಕೂರುವ ಸಭೆಗೆ ಹೊರಸಭೆ ಎನ್ನುತ್ತೇವೆ. ಒಳಗೆ ಯಾವ ಕಾನೂನು ಆಗಬೇಕಾದರೂ ಅದರ ಮಂತ್ರಿ ಮೊದಲು ಹೊರಗೆ ಬಂದು, ನಮ್ಮ ಪಕ್ಕ ಕೂತು, ಅದನ್ನು ಮನೆಮಾತಿನಲ್ಲಿ ನಮ್ಮ ಮುಖ ನೋಡಿ ಹೇಳಬೇಕು. ಎಲ್ಲರ ಪರವಾಗಿ ಪ್ರಶ್ನೆ ಕೇಳಿ, ಕೊನೆಗೆ ಹೂಂ ಅಥವಾ ಊಹೂಂ ಅನ್ನುವವಳು ಮುಂಗುರ್ಚಿ. ನಾಳೆ ಮುಖ್ಯಮಂತ್ರಿಗಳು ಬಂದು, ಇನ್ನು ಮೇಲೆ ಹೊರಸಭೆಯನ್ನು ಕಟ್ಟಡದ ಒಳಗೇ ನಡೆಸೋಣ ಎಂದು ಕೇಳಲಿದ್ದಾರೆ. ಉತ್ತರ ಕೊಡಬೇಕಾದವಳು ನಾನು. ಅದಕ್ಕೆ ಮೊದಲು ನಿಮಗೆ ಎರಡು ಮಾತು ಬರೆಯಬೇಕು ಅನ್ನಿಸಿತು, ಏಕೆಂದರೆ ಇದೆಲ್ಲ ಶುರುವಾದದ್ದು ನಿಮ್ಮಿಂದ.

ನಿಮ್ಮ ಕಡೆ ಸರ್ಕಾರ ಬಂದು ಹೆಚ್ಚು ದಿನವಾಗಿಲ್ಲ. ಪೆಂಡಾಲು, ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ನಿಮ್ಮದು. ಎಲ್ಲ ಪಕ್ಷಗಳ ಸಭೆಗೂ ನಿಮ್ಮದೇ ಕುರ್ಚಿ. ಆ ಸಭೆಗಳ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದು, ನೀವೇ ಪಕ್ಷೇತರರಾಗಿ ನಿಂತು ಗೆದ್ದಿರಿ. ಯಾರಿಗೂ ಬಹುಮತ ಬರಲಿಲ್ಲ. ಪ್ರಚಾರದುದ್ದಕ್ಕೂ ಒಬ್ಬರ ಜನ್ಮ ಒಬ್ಬರು ಜಾಲಾಡಿದ್ದ ಎರಡು ಪಕ್ಷಗಳು ಕೈ ಕೈ ಹಿಡಿದು ಫೋಟೊ ತೆಗೆಸಿಕೊಂಡವು. ಆದರೂ ಒಂದು ಸ್ಥಾನ ಕಡಿಮೆ ಬಿತ್ತು, ಆ ಸ್ಥಾನ ನಿಮ್ಮದು. ಹೊರಗಿನಿಂದ ಬೆಂಬಲ ಕೊಡುತ್ತೇನೆ ಎಂದಿರಿ. ಮಂತ್ರಿಗಿರಿ ಬೇಡ, ಸದನದಲ್ಲಿ ಕೈ ಎತ್ತುತ್ತೇನೆ ಎಂಬುದಷ್ಟೇ ಆ ಮಾತಿನ ಅರ್ಥವೆಂದು ರಾಜಕೀಯದವರಿಗೆಲ್ಲ ಗೊತ್ತು. ನೀವು ಮಾತ್ರ ಬಹುಮತ ಸಾಬೀತಿನ ದಿನ ಊರಿನವರನ್ನೂ ಅಂಗಡಿಯ ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನೂ ಲಾರಿಯಲ್ಲಿ ತುಂಬಿಕೊಂಡು ಬಂದು, ಬಾಗಿಲ ಹೊರಗೆ ಸಾಲಾಗಿ ಹಾಕಿಸಿ ಕೂತುಬಿಟ್ಟಿರಿ. ಒಳಗೆ ಬನ್ನಿ ಎಂದು ಮಾರ್ಷಲ್ ಬೇಡಿಕೊಂಡಾಗ ನೀವು ಹೇಳಿದ್ದು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ: "ನಾ ಕೊಟ್ಟಿದ್ದು ಹೊರಗಿನ ಬೆಂಬಲ ರೀ ಸಾಹೇಬ್ರ. ಒಳಗ ಬಂದು ಕುಂತ್ರ ಅದು ಒಳಗಿನ ಬೆಂಬಲ ಆಗೂದಿಲ್ಲೇನು?" ಕೈ ಎತ್ತುವ ಹೊತ್ತಿಗೆ ಒಳಗೆ ಹೋಗಿ, ಎತ್ತಿ, ಮತ್ತೆ ಬಂದು ಕೂತಿರಿ. ನಿಮಗೆ ನಿಜವಾಗಿಯೂ ಗೊತ್ತಿರಲಿಲ್ಲವೇ, ಗೊತ್ತಿದ್ದೂ ಹಾಗೆ ಮಾಡಿದಿರೇ ಎಂದು ನಮ್ಮ ಪಂಡಿತರು ಇನ್ನೂ ಕಿತ್ತಾಡುತ್ತಾರೆ. ನಾನು ಕೇಳುವುದಿಲ್ಲ.

ಪತ್ರಿಕೆಯವರು ನಿಮ್ಮನ್ನು ನೋಡಿ ನಕ್ಕರು. ಆದರೆ ನೀವು ಎದ್ದು ಹೋದರೆ ಸರ್ಕಾರ ಬೀಳುತ್ತಿತ್ತು, ಹಾಗಾಗಿ ಮಂತ್ರಿಗಳು ಹೊರಗೆ ಬರಲೇಬೇಕಾಯಿತು. ಎರಡೂ ಪಕ್ಷದ ನಾಯಕರನ್ನು ನೀವು ಅಕ್ಕಪಕ್ಕದಲ್ಲೇ ಕೂರಿಸಿದಿರಿ. ಅವರು ಸೇರಿ ಬರೆದಿದ್ದ ಕಾರ್ಯಕ್ರಮವನ್ನು ಒಬ್ಬ ಮಂತ್ರಿ ಗಂಭೀರವಾಗಿ ಓದಿ ಮುಗಿಸಿದ ಮೇಲೆ, ಲಾರಿಯಲ್ಲಿ ಬಂದಿದ್ದ ಅಜ್ಜನೊಬ್ಬ, "ಎಲ್ಲಾ ಛಲೋ ಐತ್ರೀ, ಇದರಾಗ ನಮ್ಮೂರ ಬಸ್ಸು ಎಲ್ಲೈತಿ?" ಎಂದನಂತೆ. ಮಂತ್ರಿ ಹಾಳೆ ತಿರುವಿ ತಿರುವಿ ನೋಡಿದರು, ಬಸ್ಸು ಸಿಗಲಿಲ್ಲ. ಮಾರನೆಯ ದಿನ ಅದನ್ನು ಸೇರಿಸಿಕೊಂಡು ಬಂದರು. ಮುಂದಿನದು ನಿಮಗೆ ಇನ್ನೂ ನಡೆಯಬೇಕಿದೆ, ನಮಗೆ ಹಳೆಯ ಕಥೆ. ಒಳಗೆ ಹಲ್ಲು ಕಡಿಯುತ್ತಿದ್ದವರು ಜನರ ಎದುರು ಕೂತು ಮಾತಾಡಿ ಮಾತಾಡಿ ಪಳಗಿದರು. ಆ ಸರ್ಕಾರ ಅವಧಿ ಪೂರೈಸಿತು. ಮುಂದೆ ಬಂದವರಿಗೆ ಹೊರಗೆ ಬಾರದೆ ಇರಲು ಧೈರ್ಯ ಸಾಲಲಿಲ್ಲ, ಕೊನೆಗೆ ಅದೇ ಕಾನೂನಾಯಿತು.

ನಮ್ಮ ದಿನಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. ಪಂಚಾಂಗಕ್ಕೆ ಸುಡುಗಾಲ ಎಂಬ ಹೊಸ ಋತು ಸೇರಿದೆ. ಆಗ ಮಧ್ಯಾಹ್ನವೆಲ್ಲ ಊರು ಬಾಗಿಲು ಹಾಕಿ ಮಲಗುತ್ತದೆ, ಶಾಲೆ ಸಂಜೆ ಶುರುವಾಗುತ್ತದೆ. ಜೋಳದ ರೊಟ್ಟಿಯನ್ನು ಮಾಳಿಗೆಯ ಮೇಲಿನ ಬಿಸಿಲುಹೆಂಚಿನಲ್ಲಿ ಬೇಯಿಸುತ್ತೇವೆ. ಅದು ಸೂರ್ಯನ ಶಾಖವನ್ನು ಹಿಡಿದಿಡುವ ಹೆಂಚು, ಮೋಡ ಬಂದರೆ ಮನೆಮಂದಿಗೆಲ್ಲ ಅವಲಕ್ಕಿ. ನಾನು ಚಿಕ್ಕವಳಿದ್ದಾಗ ಜಲವಿಸ್ತರಣೆ ಎಂಬ ಯೋಜನೆ ಬಂತು. ಹೆಸರು ಕೇಳಿ ಒಳಗೆ ಎಲ್ಲರೂ ಮೇಜು ಕುಟ್ಟಿದರು. ಅಣೆಕಟ್ಟು ಎತ್ತರಿಸಲು ಹೊಳೆಗಡ್ಡಿಯನ್ನು ಮುಳುಗಿಸಬೇಕು ಎಂಬುದು ಮನೆಮಾತಿನಲ್ಲಿ ಅದರ ಅರ್ಥ. ಅದನ್ನು ಹೇಳಲು ಮಂತ್ರಿ ಹೊರಗೆ ಬಂದಾಗ ಮುಂಗುರ್ಚಿಯಲ್ಲಿ ನನ್ನ ಅವ್ವ ಇದ್ದಳು. ದಣಿದು ಬಂದೀರಿ ಎಂದು ಅವರ ಕೈಗೆ ಮಜ್ಜಿಗೆ ಕೊಟ್ಟು, "ಈಗ ಹೇಳ್ರಿ ಸಾಹೇಬ್ರ, ನಮ್ಮ ಮನಿ ಏನ್ ಮಾಡ್ತೀರಿ?" ಎಂದಳು. ಅವರು ಎರಡು ಸಲ ಬಾಯಿ ತೆರೆದರು. ಮುಳುಗಿಸ್ತೀವಿ ಎಂಬ ಮಾತು ಬರಲಿಲ್ಲ. ಮಜ್ಜಿಗೆ ಕುಡಿದು ಒಳಗೆ ಹೋದರು, ಯೋಜನೆ ಅಲ್ಲಿಗೇ ನಿಂತಿತು. ನೀರಿಗೆ ಬೇರೆ ದಾರಿ ಹುಡುಕಲು ಬಹಳ ವರ್ಷ ಹಿಡಿಯಿತು, ಅಷ್ಟು ವರ್ಷ ನಾವೂ ಕೊಡ ಹಿಡಿದು ನಿಂತೆವು. ಆದರೆ ಊರು ಉಳಿಯಿತು. ನಾನು ಮದುವೆಯಾದದ್ದು, ಹೆತ್ತದ್ದು, ಅವ್ವನನ್ನು ಮಣ್ಣು ಮಾಡಿದ್ದು ಎಲ್ಲ ಇದೇ ಊರಿನಲ್ಲಿ. ಫಕ್ಕೀರವ್ವನವರೇ, ಇದಕ್ಕೆ ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ಮುಖ್ಯಮಂತ್ರಿಗಳು ಕೆಟ್ಟವರಲ್ಲ. ತಣ್ಣನೆಯ ಸಭಾಂಗಣ, ಮೆತ್ತನೆಯ ಆಸನ, ಊಟ ಎಲ್ಲವನ್ನೂ ಕೊಡುತ್ತಾರಂತೆ. ಕಳೆದ ಸುಡುಗಾಲದಲ್ಲಿ ನನ್ನ ಪಕ್ಕ ಕೂರುವ ಮೌಲಾಬಿ ಎಚ್ಚರ ತಪ್ಪಿ ಬಿದ್ದಿದ್ದಳು. ಬದುಕಿದ್ದೇ ಹೆಚ್ಚು. ನಿನ್ನೆ ಅವಳು ನನ್ನ ಕೈ ಹಿಡಿದುಕೊಂಡು, "ಒಳಗ ಹೋಗೂಣು ಬಾ ರಾಚವ್ವ. ನಾವೇನು ಕಲ್ಲೇನವಾ?" ಎಂದಳು. ನನ್ನ ಕಣ್ಣು ತುಂಬಿ ಬಂತು, ಏಕೆಂದರೆ ನನಗೂ ಬಿಸಿಲು ತಡೆಯಲಾಗುವುದಿಲ್ಲ. ಆದರೆ ಒಳಗೆ ಹೋದರೆ ನಾವು ಅತಿಥಿಗಳಾಗುತ್ತೇವೆ. ಬಾಗಿಲು ಯಾವಾಗ ತೆರೆಯಬೇಕು, ಯಾರನ್ನು ಬಿಡಬೇಕು ಎಂಬುದು ಅವರ ಕೈಗೆ ಹೋಗುತ್ತದೆ. ಅತಿಥಿಯಾಗಿ ಹೋಗಿದ್ದರೆ ಅವ್ವ ಆ ಪ್ರಶ್ನೆ ಕೇಳುತ್ತಿರಲಿಲ್ಲ.

ನಾಳೆ ಮೌಲಾಬಿಗೆ ನೆರಳು ಕೇಳುತ್ತೇನೆ, ಗಟ್ಟಿಯಾಗಿಯೇ ಕೇಳುತ್ತೇನೆ. ಒಳಗೆ ಬರುವುದಕ್ಕೆ ಮಾತ್ರ ಊಹೂಂ. ನಮ್ಮನ್ನು ಒಳಗೆ ಕರೆಯಬೇಕಾದರೂ ಅವರು ಮೊದಲು ಹೊರಗೆ ಬಂದು ನಮ್ಮ ಪಕ್ಕ ಕೂರಲೇಬೇಕು. ಅಷ್ಟನ್ನು ನೀವು ಮಾಡಿಟ್ಟು ಹೋಗಿದ್ದೀರಿ.

ನಿಮ್ಮನ್ನೂ ಒಳಗೆ ಕರೆಯಲು ನಿಮ್ಮ ಕಾಲದ ನಾಯಕರು ಈ ವಾರವೇ ಬರುತ್ತಾರೆ. ದೊಡ್ಡ ಖಾತೆಯನ್ನೇ ಹಿಡಿದುಕೊಂಡು, ಬಹಳ ಪ್ರೀತಿಯಿಂದ ಬರುತ್ತಾರೆ. ನಿಮ್ಮ ಮನೆಯವರೂ ಹೋಗು ಎನ್ನುತ್ತಾರೆ. ನೀವು ಏನು ಹೇಳಿದಿರಿ ಎಂಬುದು ನಮಗೆ ಗೊತ್ತು, ನಿಮಗೆ ಇನ್ನೂ ಗೊತ್ತಿಲ್ಲ. ನೀವಿನ್ನೂ ಕೊಡದ ಆ ಉತ್ತರಕ್ಕೆ, ಮುಳುಗದೆ ಉಳಿದ ಊರಿನಿಂದ, ನಮ್ಮೆಲ್ಲರ ಶರಣು.

ನಿಮ್ಮ ಕ್ಷೇತ್ರದ ಮತದಾರಳು,
ರಾಚವ್ವ ಕಂಬಳಿ